ನೂರ ಮೂವತ್ತೊಂದರ ಲೆಕ್ಕ

ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಕಾಡಂಚಿನಲ್ಲಿದೆ ಕುಂಚಾವರಂ. ಅದನ್ನು ದಾಟಿದರೆ ತೆಲಂಗಾಣ. ರಾಷ್ಟ್ರಪತಿಯ ಚುನಾವಣೆಯಲ್ಲಿ ಗಡಿಯ ಈಚಿನ ಶಾಸಕರ ಮತದ ಬೆಲೆ 131; ಆಚಿನವರದು 132. ಒಮ್ಮೆ ವೀರೇಂದ್ರ ಪಾಟೀಲರನ್ನು ಆರಿಸಿ ಕಳುಹಿಸಿದ ಚಿಂಚೋಳಿ ಕ್ಷೇತ್ರಕ್ಕೂ ಬೆಂಗಳೂರಿನ ಯಾವುದೇ ಕ್ಷೇತ್ರಕ್ಕೂ ಈ ಬೆಲೆಯಲ್ಲಿ ಭೇದವಿಲ್ಲವೆಂಬುದೇನೋ ಸಮಾಧಾನದ ಸಂಗತಿ.

ಈ 131 ಬಂದುದು ಎಲ್ಲಿಂದ? ರಾಜ್ಯದ ಜನಸಂಖ್ಯೆಯನ್ನು ಚುನಾಯಿತ ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದುದನ್ನು ಮತ್ತೆ ಸಾವಿರದಿಂದ ಭಾಗಿಸಬೇಕೆಂದು ಸಂವಿಧಾನದ 55ನೆಯ ಅನುಚ್ಛೇದ ವಿಧಿಸುತ್ತದೆ. ಕರ್ನಾಟಕದ ಶಾಸಕರು 224 ಮಂದಿ. ಜನಸಂಖ್ಯೆ ಸುಮಾರು 2 ಕೋಟಿ 93 ಲಕ್ಷ. ಓದುಗರು ಹುಬ್ಬೇರಿಸಬಹುದು. ಇದು 1971ರ ಜನಗಣತಿಯ ಅಂಕಿ! 2011ರಲ್ಲಿಯೇ ನಾಡಿನ ಜನ 6 ಕೋಟಿ 11 ಲಕ್ಷವನ್ನು ಮುಟ್ಟಿದ್ದರು. ಆ ಬಳಿಕ ಹುಟ್ಟಿ, ಬೆಳೆದು, ಮೊಮ್ಮಕ್ಕಳನ್ನು ಕಂಡವರೂ ಈ ಲೆಕ್ಕದ ಮಟ್ಟಿಗೆ ಇನ್ನೂ ಹುಟ್ಟಿಲ್ಲ.

ಇದು ಮರೆವಿನಿಂದಾದ ಲೋಪವಲ್ಲ. ಕುಟುಂಬ ಯೋಜನೆಯನ್ನು ಶ್ರದ್ಧೆಯಿಂದ ನಡೆಸಿದ ರಾಜ್ಯ ಅದೇ ಕಾರಣದಿಂದ ನಷ್ಟ ಹೊಂದಬಾರದೆಂದು 1976ರ 42ನೆಯ ತಿದ್ದುಪಡಿ ಹಳೆಯ ಅಂಕಿಯನ್ನೇ ನಿಲ್ಲಿಸಿತು. 84ನೆಯ ತಿದ್ದುಪಡಿ ಆ ಗಡುವನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದೂಡಿತು.

ಕಾರಣ ಹುಸಿಯಲ್ಲ. ಈಗ ಕೇರಳದ ಶಾಸಕರ ಮತಕ್ಕೆ 152, ರಾಜಸ್ಥಾನದವರ ಮತಕ್ಕೆ 129. ಇದೇ ಸೂತ್ರಕ್ಕೆ 2011ರ ಅಂಕಿಗಳನ್ನು ಹಾಕಿ ನೋಡಿದರೆ ಕೇರಳದ ಬೆಲೆ 239, ರಾಜಸ್ಥಾನದ್ದು 343! ಕರ್ನಾಟಕದ 131 ಕೂಡ 273 ಆಗುತ್ತದೆ. ಆದರೆ ಹಿಗ್ಗುವಂತಿಲ್ಲ. ಎಲ್ಲರ ಬೆಲೆಯೂ ಏರುವುದರಿಂದ, ಶಾಸಕರ ಒಟ್ಟು ಮತಗಳಲ್ಲಿ ನಮ್ಮ ಪಾಲು ನೂರಕ್ಕೆ 5.3ರಿಂದ ಸುಮಾರು 5ಕ್ಕೆ ಇಳಿಯುತ್ತದೆ. ಬೆಲೆ ಹೆಚ್ಚಿ ಪಾಲು ಕುಗ್ಗುವ ವಿಚಿತ್ರವಿದು.

ಹಾಗಾದರೆ ಹಳೆಯ ಲೆಕ್ಕವೇ ಇರಲೆನ್ನಬೇಕೆ? ಲೋಕಸಭೆಯ ಸ್ಥಾನ ಕಡಿಮೆಯಾದರೆ ಶಾಸನ ರಚನೆಯಲ್ಲಿ, ಸರಕಾರ ರಚನೆಯಲ್ಲಿ ರಾಜ್ಯದ ದನಿ ಉಡುಗುತ್ತದೆ; ಅಲ್ಲಿ ದಕ್ಷಿಣದ ಅಳುಕು ನ್ಯಾಯವಾದುದು. ರಾಷ್ಟ್ರಪತಿಯ ಚುನಾವಣೆ ಐದು ವರ್ಷಕ್ಕೊಮ್ಮೆ ಒಂದು ಪದವಿಗೆ ನಡೆಯುವಂಥದು. ಅಲ್ಲಿಯೂ ಸಂಸತ್ಸದಸ್ಯರ ಮತಗಳ ಒಟ್ಟು ಬೆಲೆಯನ್ನು ಶಾಸಕರ ಒಟ್ಟು ಬೆಲೆಗೆ ಸಮನಾಗಿಸಿರುವುದರಿಂದ, ಶಾಸಕರ ಪಾಲಿನಲ್ಲಾಗುವ ಏರುಪೇರಿನ ಪರಿಣಾಮ ಅರ್ಧಕ್ಕಿಳಿಯುತ್ತದೆ. ಸ್ಥಾನಗಳ ಹಂಚಿಕೆಯನ್ನು ಹಾಗೆಯೇ ಕಾಪಾಡಿಕೊಂಡು, ಈ ಮತದ ಬೆಲೆಯನ್ನು ಮಾತ್ರ ಇಂದಿನ ಜನಸಂಖ್ಯೆಗೆ ಹೊಂದಿಸಲು ಸಂಸತ್ತು ಮನಸ್ಸು ಮಾಡಬಹುದು. ಎರಡನ್ನೂ ಒಂದೇ ಗಂಟಿನಲ್ಲಿ ಬಿಗಿದಿರುವುದರಿಂದಲೇ, ಒಂದನ್ನು ಬಿಚ್ಚೋಣವೆಂದರೆ ಇನ್ನೊಂದು ಉರುಳೀತೆಂದು ಎಲ್ಲರೂ ಹಿಂಜರಿಯುತ್ತಿದ್ದಾರೆ.