ವಠಾರದೊಳಗೊಂದು ವಠಾರ: ನನ್ನ ಮನೆಯ ಸರ್ವರ್ ಶಾಲೆಯಲ್ಲಿ ತೆರೆಯದ ಕತೆ

ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ಮುಳಬಾಗಿಲಿನಲ್ಲಿ ಒಂಬತ್ತನೇ ತರಗತಿ. ಈರುಳ್ಳಿ ಸಿಪ್ಪೆಯ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನಾನೇ ತೆಗೆದ ಚಿತ್ರಗಳು ಕುರುಡುಮಲೆಯ ನಮ್ಮ ಮನೆಯ ಹಳೇ ಲ್ಯಾಪ್‌ಟಾಪಿನಲ್ಲಿದ್ದವು. ಅದನ್ನೇ ಸರ್ವರ್ ಮಾಡಿ, 8080ನೇ ಪೋರ್ಟಿನಲ್ಲಿ ಚಾಲೂ ಇಟ್ಟು ಬಂದಿದ್ದೆ. (ಡ್ರೈವ್‌ಗೆ ಹಾಕಬಹುದಿತ್ತಲ್ಲ ಎಂದರು ಗೆಳೆಯರು. ಹಾಕಬಹುದಿತ್ತು. ನನಗೆ ಸರ್ವರ್ ಹುಚ್ಚು.) ಹಿಂದಿನ ಬೆಂಚಿನಲ್ಲಿ ಮೇಲ್ವಿಚಾರಕರು ಕುಳಿತಿದ್ದಾರೆ, ಮಕ್ಕಳು ಪರದೆ ನೋಡುತ್ತಿದ್ದಾರೆ, ಪುಟ ಮಾತ್ರ ತೆರೆಯುತ್ತಿಲ್ಲ. ಕೊನೆಗೆ ಸೀಮೆಸುಣ್ಣ ಹಿಡಿದು ಕೋಶ ಬರೆದೆ.

ಸಂಜೆ ಹುಡುಕಲು ಕುಳಿತೆ. ಅಮ್ಮನ ಫೋನಿನಲ್ಲಿ, ಮನೆಯ ವೈಫೈನಲ್ಲಿ, ಪುಟ ಚೆನ್ನಾಗಿಯೇ ತೆರೆಯಿತು. ಅಂದರೆ ಸರ್ವರಿನದು ತಪ್ಪಲ್ಲ. ನಾನು ಮೊದಲೂ ಇಷ್ಟೇ ಪರೀಕ್ಷಿಸಿದ್ದೆ, ಮೋಸ ಹೋಗಿದ್ದು ಅಲ್ಲೇ. ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಿಂದ ನೋಡಿದರೆ ಮಾತ್ರ ಹೊರಗಿನಿಂದ ನೋಡಿದಂತೆ.

ರೂಟರನ್ನು ವಠಾರದ ಹೆಬ್ಬಾಗಿಲು ಎಂದುಕೊಳ್ಳಿ. ಬೀದಿಗೆ ಕಾಣುವುದು ಒಂದೇ ಬಾಗಿಲ ನಂಬರು. ಒಳಗಿನ ಮನೆಗಳಿಗೆ 192.168 ಎಂದು ಶುರುವಾಗುವ ನಂಬರುಗಳು. ಇವು ಲಕ್ಷಾಂತರ ಮನೆಗಳಲ್ಲಿ ಹೀಗೇ ಇರುವುದರಿಂದ ಹೊರಗಿನವರಿಗೆ ಉಪಯೋಗವಿಲ್ಲ. ‘8080 ಕೇಳಿಕೊಂಡು ಬಂದವರನ್ನು ಇಂಥ ಮನೆಗೆ ಕಳಿಸಿ’ ಎಂದು ಹೆಬ್ಬಾಗಿಲಿಗೆ ಚೀಟಿ ಅಂಟಿಸಬೇಕು. ಅದೇ ಪೋರ್ಟ್ ಫಾರ್ವರ್ಡಿಂಗ್. ನಾನು ಅಂಟಿಸಿದ್ದೆ, 192.168.1.20 ಎಂದು. ಆದರೆ ಕರೆಂಟು ಹೋಗಿ ಬಂದ ಮೇಲೆ ರೂಟರು ಲ್ಯಾಪ್‌ಟಾಪಿಗೆ 23 ಕೊಟ್ಟಿತ್ತು! ನಂಬರು ಬದಲಾಗದಂತೆ ರೂಟರಿನಲ್ಲೇ ಕಾಯ್ದಿರಿಸಿದೆ.

ಆದರೂ ತೆರೆಯಲಿಲ್ಲ.

ಆಗ ಎರಡು ನಂಬರು ಹೋಲಿಸಿದೆ. ‘ನನ್ನ ಐಪಿ ಏನು’ ಎಂದು ಕೇಳಿದಾಗ ಜಾಲತಾಣ ತೋರಿಸಿದ್ದು ಒಂದು, ರೂಟರಿನ ವ್ಯಾನ್ ಪುಟದಲ್ಲಿದ್ದದ್ದು ಇನ್ನೊಂದು, 100.72ರಿಂದ ಶುರು. ಎರಡೂ ಒಂದೇ ಇರಬೇಕಿತ್ತು. 100.64ರಿಂದ 100.127ರವರೆಗಿನ ನಂಬರುಗಳನ್ನು 2012ರಲ್ಲಿ ಇಂಟರ್‌ನೆಟ್ ಕಂಪನಿಗಳ ಒಳಬಳಕೆಗೆಂದೇ ಎತ್ತಿಟ್ಟರು. ಹಳೆಯ ಪದ್ಧತಿಯ ವಿಳಾಸಗಳು ಒಟ್ಟು ಸುಮಾರು 430 ಕೋಟಿ. ಅವುಗಳ ಕೇಂದ್ರ ದಾಸ್ತಾನು 2011ರ ಫೆಬ್ರವರಿಯಲ್ಲೇ ಮುಗಿದಿತ್ತು. ಹಾಗಾಗಿ ಕಂಪನಿಗಳು ಒಂದು ವಿಳಾಸವನ್ನು ಅನೇಕ ಮನೆಗಳಿಗೆ ಹಂಚುತ್ತವೆ. ನಮ್ಮ ವಠಾರವೇ ಇನ್ನೊಂದು ದೊಡ್ಡ ವಠಾರದೊಳಗಿತ್ತು. ಆ ಹೊರಬಾಗಿಲಿಗೆ ಚೀಟಿ ಅಂಟಿಸುವ ಅಧಿಕಾರ ನನಗಿಲ್ಲ. ಇದನ್ನು ಮೊದಲೇ ನೋಡಿದ್ದರೆ ಅರ್ಧ ಸಂಜೆ ಉಳಿಯುತ್ತಿತ್ತು.

ದಾರಿಗಳಿವೆ. ದುಡ್ಡು ಕೊಟ್ಟು ಸ್ವಂತ ಸಾರ್ವಜನಿಕ ವಿಳಾಸ ಪಡೆಯಬಹುದು. ಐಪಿವಿ6ನಲ್ಲಿ ಪ್ರತಿ ಯಂತ್ರಕ್ಕೂ ತನ್ನದೇ ವಿಳಾಸವಿರುತ್ತದೆ, ಆದರೆ ರೂಟರಿನ ಫೈರ್‌ವಾಲ್ ಬಿಡಬೇಕು, ನೋಡುವವರ ಕಡೆಯೂ ಐಪಿವಿ6 ಇರಬೇಕು. ಇಲ್ಲವೇ ಸುರಂಗ: ಲ್ಯಾಪ್‌ಟಾಪೇ ಹೊರಗಿನ ಒಂದು ಯಂತ್ರಕ್ಕೆ ಸಂಪರ್ಕ ಹಿಡಿದಿರುತ್ತದೆ, ಬಂದವರು ಆ ದಾರಿಯಲ್ಲೇ ಒಳಬರುತ್ತಾರೆ. ಒಳಗಿನಿಂದ ಹೊರಟ ಸಂಪರ್ಕವನ್ನು ಎರಡು ಬಾಗಿಲುಗಳೂ ತಡೆಯುವುದಿಲ್ಲ. ನಾನು ಇದನ್ನೇ ಮಾಡಿದೆ. ಪಾಸ್‌ವರ್ಡ್ ಮಾತ್ರ ಮರೆಯಬೇಡಿ, ತೆರೆದ ಬಾಗಿಲು ಎಲ್ಲರಿಗೂ ತೆರೆದದ್ದೇ.

ಮುಂದಿನ ಪಾಠಕ್ಕೆ ಸುರಂಗ ಸಿದ್ಧವಿತ್ತು. ಆದರೂ ಧೈರ್ಯ ಸಾಲದೆ ಲ್ಯಾಪ್‌ಟಾಪನ್ನೂ ಬ್ಯಾಗಿಗೆ ತುರುಕಿಕೊಂಡೇ ಬಸ್ಸು ಹತ್ತಿದೆ. ಅದು ಬ್ಯಾಗಿನಲ್ಲಿದ್ದರೆ ಮನೆಯಲ್ಲಿ ಸರ್ವರ್ ಎಲ್ಲಿರುತ್ತದೆ ಎಂದು ಹೊಳೆದದ್ದು ಬಸ್ಸು ಹೊರಟ ಮೇಲೆ.