ರಾಷ್ಟ್ರಪತಿಗಳ ಆಯ್ಕೆ, ರಾಷ್ಟ್ರಪತಿಗಳ ಸಹಿ

ಸ್ವಾತಂತ್ರ್ಯದ ಸುವರ್ಣ ಮಹೋತ್ಸವದ ವರ್ಷವಾದ 1997ರ ಜುಲೈ ತಿಂಗಳಲ್ಲಿ ಶ್ರೀ ಕೆ.ಆರ್. ನಾರಾಯಣನ್ ಅವರು ಶೇಕಡಾ 94ಕ್ಕೂ ಮಿಕ್ಕಿದ ಮತಮೌಲ್ಯವನ್ನು ಗಳಿಸಿ ಭಾರತದ ರಾಷ್ಟ್ರಪತಿಗಳಾಗಿ ಚುನಾಯಿತರಾದರು. ಕೇರಳದ ಬಡ ದಲಿತ ಕುಟುಂಬವೊಂದರಲ್ಲಿ ಹುಟ್ಟಿ, ದಿನವೂ ಮೈಲುಗಟ್ಟಲೆ ನಡೆದು ಶಾಲೆಗೆ ಹೋಗಿ, ಶುಲ್ಕ ಕಟ್ಟಲಾಗದ ದಿನಗಳಲ್ಲಿ ತರಗತಿಯ ಹೊರಗೆ ನಿಂತು ಪಾಠ ಕೇಳಿದ ಬಾಲಕ ದೇಶದ ಪ್ರಥಮ ಪ್ರಜೆಯಾದುದು ಸಣ್ಣ ಸಂಗತಿಯಲ್ಲ. 2017ರಲ್ಲಿ ಶ್ರೀ ರಾಮನಾಥ ಕೋವಿಂದ್, 2022ರಲ್ಲಿ ಒಡಿಶಾದ ಸಂತಾಲ ಸಮುದಾಯದ ಶ್ರೀಮತಿ ದ್ರೌಪದಿ ಮುರ್ಮು ಅದೇ ಪೀಠವನ್ನೇರಿದರು. ಪ್ರತಿ ಬಾರಿಯೂ ಸಮಾನತೆ ಗೆದ್ದಿತೆಂಬ ಉದ್ಗಾರ ಕೇಳಿಬಂತು. ಉದ್ಗಾರ ಸಹಜವೇ. ಆದರೆ ಗೆದ್ದದ್ದು ಯಾವುದು ಎಂಬುದನ್ನು ತುಸು ನಿಧಾನವಾಗಿ ವಿಚಾರಿಸುವುದು ಒಳಿತು.

ಕುರುಹು ಬೇರೆ, ಕಾರಣ ಬೇರೆ ಎಂದು ತರ್ಕಶಾಸ್ತ್ರ ಹೇಳುತ್ತದೆ. ಹೊಗೆಯನ್ನು ಕಂಡು ಬೆಂಕಿಯಿದೆಯೆಂದು ಅರಿಯುತ್ತೇವೆ. ಹೊಗೆಯಿಂದ ಬೆಂಕಿ ಹುಟ್ಟುವುದಿಲ್ಲ. ತಾನು ಸೂಚಿಸುವುದನ್ನು ತಾನೇ ನೆರವೇರಿಸುವ ಕುರುಹುಗಳನ್ನು ಧರ್ಮಸಭೆ ಸಂಸ್ಕಾರಗಳೆಂದು ಕರೆಯುತ್ತದೆ. ಚುನಾವಣೆಯಾದರೋ ಸಂಸ್ಕಾರವಲ್ಲ. ರಾಷ್ಟ್ರಪತಿಗಳ ಹುಟ್ಟು ಯಾವ ಕೇರಿಯದು ಎಂಬುದು ಕುರುಹು. ಅವರ ಮೇಜಿನ ಮೇಲೆ ಬಂದ ಕಾಗದಕ್ಕೆ ಅವರು ಏನು ಮಾಡುತ್ತಾರೆ ಎಂಬಲ್ಲಿ ಕಾರಣದ ವಿಚಾರ ಆರಂಭವಾಗುತ್ತದೆ.

ಅಂಥ ಒಂದು ಕಾಗದವನ್ನು ಈ ದೇಶ ಮರೆಯುವಂತಿಲ್ಲ. 1974ರಲ್ಲಿ ಚುನಾಯಿತರಾದ ಶ್ರೀ ಫಕ್ರುದ್ದೀನ್ ಅಲಿ ಅಹಮದ್ ಅವರು 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು. ಮಂತ್ರಿಮಂಡಲ ಸೇರಿ ಒಪ್ಪಿದ್ದು ಮರುದಿನ ಬೆಳಿಗ್ಗೆ! ಜೂನ್ 27ರಂದು ಹೊರಟ ಇನ್ನೊಂದು ಆಜ್ಞೆ ಸಂವಿಧಾನದ 14, 21 ಮತ್ತು 22ನೆಯ ವಿಧಿಗಳಿಗಾಗಿ ನ್ಯಾಯಾಲಯದ ಮೊರೆಹೋಗುವ ಹಕ್ಕನ್ನು ಅಮಾನತಿನಲ್ಲಿಟ್ಟಿತು. ಓದುಗರು ಗಮನಿಸಬೇಕು: 14ನೆಯದು ಸಮಾನತೆ, 21ನೆಯದು ಜೀವ ಮತ್ತು ಸ್ವಾತಂತ್ರ್ಯ, 22ನೆಯದು ಬಂಧಿತರ ರಕ್ಷಣೆ. ಸಮಾನತೆಯೂ ನಾಗರಿಕ ಸ್ವಾತಂತ್ರ್ಯವೂ ಒಂದೇ ಆಜ್ಞೆಯಲ್ಲಿ ಬಾಗಿಲ ಹೊರಗೆ ನಿಂತವು. ಅದರ ಪರಿಣಾಮ ದೆಹಲಿಯಲ್ಲಷ್ಟೇ ಉಳಿಯಲಿಲ್ಲ. ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಉಬ್ಬಸದಿಂದ ನರಳಿದ ಕನ್ನಡ ಚಲನಚಿತ್ರ ನಟಿ ಶ್ರೀಮತಿ ಸ್ನೇಹಲತಾ ರೆಡ್ಡಿ, 1977ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು.

1978ರ 44ನೆಯ ತಿದ್ದುಪಡಿ ಈ ದಾರಿಗೆ ಕೆಲವು ಬೇಲಿಗಳನ್ನು ಕಟ್ಟಿತು. ಮಂತ್ರಿಮಂಡಲದ ಲಿಖಿತ ನಿರ್ಣಯವಿಲ್ಲದೆ ತುರ್ತುಪರಿಸ್ಥಿತಿ ಸಾಧ್ಯವಿಲ್ಲ. 20 ಮತ್ತು 21ನೆಯ ವಿಧಿಗಳನ್ನು ಆಗಲೂ ಮುಟ್ಟುವಂತಿಲ್ಲ. (ಸಮಾನತೆಯ 14ನೆಯ ವಿಧಿಗೆ ಆ ರಕ್ಷಣೆ ದೊರೆಯಲಿಲ್ಲವೆಂಬುದನ್ನು ನಮ್ಮ ಪೌರನೀತಿಯ ಪಾಠಗಳು ಹೇಳುವುದು ಅಪರೂಪ.) ಜೊತೆಗೆ, ಮಂತ್ರಿಮಂಡಲದ ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಹಿಂದಿರುಗಿಸುವ ಅಧಿಕಾರ ರಾಷ್ಟ್ರಪತಿಗಳಿಗೆ ದೊರೆಯಿತು. ಎರಡನೆಯ ಬಾರಿ ಬಂದರೆ ಒಪ್ಪಲೇಬೇಕು. ಆದರೂ ಆ ಒಂದು ಬಾರಿಯ ತಡೆ ಎಷ್ಟು ದೊಡ್ಡದೆಂಬುದನ್ನು ನಾರಾಯಣನ್ ತೋರಿಸಿದರು. 1997ರ ಅಕ್ಟೋಬರಿನಲ್ಲಿ ಉತ್ತರ ಪ್ರದೇಶದ, 1998ರ ಸೆಪ್ಟೆಂಬರಿನಲ್ಲಿ ಬಿಹಾರದ ಸರ್ಕಾರವನ್ನು ವಜಾಮಾಡುವ ಸಲಹೆಗಳನ್ನು ಅವರು ಹಿಂದಿರುಗಿಸಿದರು. ಮೊದಲನೆಯದನ್ನು ಕಳುಹಿಸಿದ್ದು ಗುಜ್ರಾಲ್ ಸಂಪುಟ, ಎರಡನೆಯದನ್ನು ವಾಜಪೇಯಿ ಸಂಪುಟ. ಪಕ್ಷ ಯಾವುದೆಂದು ಅವರು ನೋಡಲಿಲ್ಲ.

ಮುರ್ಮು ಅವರೂ ಜಾರ್ಖಂಡಿನ ರಾಜ್ಯಪಾಲರಾಗಿದ್ದಾಗ, 2017ರಲ್ಲಿ, ಆದಿವಾಸಿಗಳ ಭೂಮಿಗೆ ಸಂಬಂಧಿಸಿದ ಗೇಣಿ ಕಾಯಿದೆಗಳ ತಿದ್ದುಪಡಿ ಮಸೂದೆಗಳನ್ನು ಹಿಂದಕ್ಕೆ ಕಳುಹಿಸಿದವರು. ರಾಷ್ಟ್ರಪತಿಗಳಾದ ಮೇಲೆ, 2022ರ ಸಂವಿಧಾನ ದಿನದಂದು, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳ ಎದುರಿನಲ್ಲೇ ಜೈಲುಗಳಲ್ಲಿ ಕೊಳೆಯುತ್ತಿರುವ ಬಡ ಕೈದಿಗಳ ಮಾತೆತ್ತಿದರು. ಕೆಲವೇ ದಿನಗಳಲ್ಲಿ, ಜಾಮೀನು ದೊರೆತರೂ ಷರತ್ತು ಪೂರೈಸಲಾಗದೆ ಒಳಗೇ ಉಳಿದವರ ವಿವರವನ್ನು ನ್ಯಾಯಾಲಯ ರಾಜ್ಯಗಳಿಂದ ಕೇಳಿತು. ಅದೇ ಜಾರ್ಖಂಡಿನಲ್ಲಿ ವಿಚಾರಣಾಧೀನ ಆದಿವಾಸಿಗಳಿಗಾಗಿ ದುಡಿದ, ಹಿಂದೆ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದ ಯೇಸುಸಭೆಯ ಫಾದರ್ ಸ್ಟ್ಯಾನ್ ಸ್ವಾಮಿಯವರು ಅದಕ್ಕೂ ಒಂದು ವರ್ಷ ಮೊದಲು, 2021ರ ಜುಲೈ 5ರಂದು, ತಾವೇ ವಿಚಾರಣಾಧೀನ ಕೈದಿಯಾಗಿ ಕಣ್ಣುಮುಚ್ಚಿದ್ದರು.

ಇನ್ನು ನಮ್ಮ ಮನೆಯ ವಿಷಯ. 1950ರ ಆಗಸ್ಟ್ 10ರಂದು ರಾಷ್ಟ್ರಪತಿಗಳ ಹೆಸರಿನಲ್ಲಿ ಹೊರಟ ಪರಿಶಿಷ್ಟ ಜಾತಿಗಳ ಆಜ್ಞೆಯ 3ನೆಯ ಖಂಡಿಕೆ, ಕ್ರೈಸ್ತರಾದ ದಲಿತರನ್ನು ಪಟ್ಟಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸಂಸತ್ತು ಒಳಗೆ ಸೇರಿಸಿತು. ನಮ್ಮವರು ಹೊರಗೇ ಉಳಿದರು. ಒಂದೇ ಕೇರಿ, ಒಂದೇ ಬಾವಿ, ಒಂದೇ ಬೈಗುಳ. ಆದರೆ ಸ್ನಾನದೀಕ್ಷೆ ಪಡೆದವನಿಗೆ 1989ರ ದೌರ್ಜನ್ಯ ತಡೆ ಕಾಯಿದೆಯ ರಕ್ಷಣೆಯಿಲ್ಲ. ಜಾತಿಯಾದರೋ ನಮ್ಮ ದೇವಾಲಯದ ಬಾಗಿಲಲ್ಲಿ ಚಪ್ಪಲಿಯಂತೆ ಕಳಚಿಬೀಳುವುದಿಲ್ಲ. ಎಷ್ಟೋ ಕಡೆ ಒಳಗೂ, ಸ್ಮಶಾನದವರೆಗೂ ಬರುತ್ತದೆ.

1996ರ ಮಾರ್ಚಿನಲ್ಲಿ, ಲೋಕಸಭಾ ಚುನಾವಣೆ ಹೊಸ್ತಿಲಲ್ಲಿದ್ದಾಗ, ನರಸಿಂಹರಾವ್ ಸರ್ಕಾರ ಈ ಅನ್ಯಾಯವನ್ನು ಸುಗ್ರೀವಾಜ್ಞೆಯಿಂದ ಸರಿಪಡಿಸಹೊರಟಿತು. ರಾಷ್ಟ್ರಪತಿ ಶ್ರೀ ಶಂಕರದಯಾಳ್ ಶರ್ಮಾ ಸಹಿ ಹಾಕಲಿಲ್ಲ. ಪ್ರಚಾರದ ಅವಧಿಯನ್ನು ಮೊಟಕುಗೊಳಿಸುವ ಇನ್ನೊಂದು ಸುಗ್ರೀವಾಜ್ಞೆಗೂ ಅದೇ ಗತಿಯಾಯಿತು. ನಮ್ಮ ಸಮುದಾಯಕ್ಕೆ ಇದು ಬಾಯಿಗೆ ಬಂದ ತುತ್ತು ಜಾರಿದಂತೆ. ಆದರೂ ಶರ್ಮಾ ಅವರು ಮಾಡಿದ್ದು ಸರಿಯೆಂದೇ ನನ್ನ ಅಭಿಪ್ರಾಯ. ಮತದಾನದ ಹೊತ್ತಿನಲ್ಲಿ, ಸಂಸತ್ತಿನ ಚರ್ಚೆಯಿಲ್ಲದೆ, ಒಂದು ಸಹಿಯಿಂದ ನಮಗೆ ಸಮಾನತೆ ದೊರೆಯಬಹುದಾದರೆ, ಒಂದು ಸಹಿಯಿಂದ ಎಲ್ಲರ ಸ್ವಾತಂತ್ರ್ಯವೂ ರಾತ್ರೋರಾತ್ರಿ ಹೋಗಬಹುದು. 1975ರಲ್ಲಿ ಹೋಯಿತಲ್ಲವೇ? ಆ ಲೇಖನಿ ತಡೆಯಲೆಂದು ಬಯಸುವವರು, ಅದು ನಮ್ಮ ಕಾಗದದ ಮೇಲೆ ತಡೆದಾಗ ಮಾತ್ರ ಮುನಿಯುವುದು ನ್ಯಾಯವಲ್ಲ.

ಆ ಖಂಡಿಕೆಯನ್ನು ಕೈಬಿಡಬೇಕೆಂದು 2007ರಲ್ಲಿ ನ್ಯಾಯಮೂರ್ತಿ ರಂಗನಾಥ ಮಿಶ್ರಾ ಆಯೋಗ ಶಿಫಾರಸು ಮಾಡಿತು. 2022ರಲ್ಲಿ ಕೇಂದ್ರ ಸರ್ಕಾರ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಇದೇ ಪ್ರಶ್ನೆಗೆ ಮತ್ತೊಂದು ಆಯೋಗ ನೇಮಿಸಿತು. ಪಟ್ಟಿಯನ್ನು ತಿದ್ದುವ ಅಧಿಕಾರವನ್ನು 341ನೆಯ ವಿಧಿ ಸಂಸತ್ತಿಗೆ ವಹಿಸಿದೆ. ಆದುದರಿಂದ, ಹೊಸ ರಾಷ್ಟ್ರಪತಿಗಳು ಬಂದಾಗಲೆಲ್ಲ ಮನವಿಪತ್ರ ಹಿಡಿದು ದೆಹಲಿಗೆ ಹೊರಡಬೇಕೆನ್ನುವ ಬಾಂಧವರು, ಅದರ ಒಂದು ಪ್ರತಿಯನ್ನು ಮೊದಲು ತಮ್ಮದೇ ಕ್ಷೇತ್ರದ ಲೋಕಸಭಾ ಸದಸ್ಯರ ಕೈಗಿತ್ತು, ಸದನದಲ್ಲಿ ಹೇಗೆ ಮತ ಹಾಕುವಿರೆಂದು ಕೇಳಿ ಬರಲಿ.