ನಿಮಗಿದು ಗೊತ್ತೆ? ಖಾರದ ಪೊಟ್ಟಣದಲ್ಲೂ ಸಕ್ಕರೆ!

ನಂಜನಗೂಡು ತಾಲ್ಲೂಕಿನ ಅಳಗಂಚಿ ಕಾರ್ಖಾನೆಯತ್ತ ಕಬ್ಬಿನ ಲಾರಿ ಹೋಗುತ್ತಿದ್ದರೆ ಅದು ಸಕ್ಕರೆಯಾಗುತ್ತದೆಂದು ಮಕ್ಕಳಿಗೂ ಗೊತ್ತು. ತಿ. ನರಸೀಪುರದ ಅಂಗಡಿಯಲ್ಲಿ ತೂಗುವ ಪೊಟ್ಟಣದಲ್ಲಿ ಮಾತ್ರ ಸಕ್ಕರೆ ಹೆಸರು ಬದಲಿಸಿಕೊಂಡು ಕೂತಿರುತ್ತದೆ: ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್, ಡೆಕ್ಸ್‌ಟ್ರೋಸ್. ಮಾಲ್ಟೋಡೆಕ್ಸ್‌ಟ್ರಿನ್ ಲೇಬಲ್ಲಿನ ಲೆಕ್ಕದಲ್ಲಿ ಸಕ್ಕರೆಯಲ್ಲ. ಆದರೆ ರಕ್ತದಲ್ಲಿ ಸಕ್ಕರೆಯಷ್ಟೇ ಬೇಗ ಗ್ಲೂಕೋಸ್ ಏರಿಸುತ್ತದೆ.

ಹೆಚ್ಚು ತೂಕದ ಪದಾರ್ಥ ಪಟ್ಟಿಯಲ್ಲಿ ಮೊದಲು ಬರಬೇಕೆಂಬುದು ನಿಯಮ. ಸಿಹಿಯನ್ನು ಮೂರು ಹೆಸರಿಗೆ ಹಂಚಿಬಿಟ್ಟರೆ? ಮೂರೂ ಕೆಳಗಿಳಿಯುತ್ತವೆ, ಮೈದಾ ಮೇಲೇರುತ್ತದೆ. ಜಾಣತನವೇ ಸರಿ. ಆದ್ದರಿಂದ ಪಕ್ಕದ ಪೋಷಕಾಂಶ ಪಟ್ಟಿಯಲ್ಲಿ ‘ಆ್ಯಡೆಡ್ ಶುಗರ್ಸ್’ ಸಾಲು ಹುಡುಕಿ. 4 ಗ್ರಾಂ ಎಂದರೆ ಸುಮಾರು ಒಂದು ಟೀ ಚಮಚ. ಬಜ್ಜಿ, ಸಮೋಸಕ್ಕೆ ಸುರಿದುಕೊಳ್ಳುವ ಟೊಮೆಟೊ ಕೆಚಪ್‌ನ 100 ಗ್ರಾಂನಲ್ಲಿ 25 ಗ್ರಾಂ ಆಸುಪಾಸು ಸಕ್ಕರೆ ಇರುವುದುಂಟು. ವಯಸ್ಕರಿಗೆ ಇಡೀ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಅಂದಹಾಗೆ, ಸುಲಿದು ತಿನ್ನುವ ನಂಜನಗೂಡು ರಸಬಾಳೆಯ ಸಿಹಿ ಈ 25 ಗ್ರಾಂಗೆ ಸೇರುವುದಿಲ್ಲ. ಡಬ್ಬಿಯ ಹಣ್ಣಿನ ರಸದ್ದು ಸೇರುತ್ತದೆ, ‘ಸಕ್ಕರೆ ಸೇರಿಸಿಲ್ಲ’ ಎಂದು ಬರೆದಿದ್ದರೂ.